ವಿಕಿರಣಕ್ಕೆ ಲೆಕ್ಕವಿದೆ, ಕಲ್ನಾರಿನ ಧೂಳಿಗೆ?

ಕೈಗಾ ಎಂದೊಡನೆ ನೆನಪಾಗುವುದು ವಿಕಿರಣದ ಭೀತಿ. ಡಾ. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದರ ಹಿಂದೆಯೂ ಈ ಅಣುಸ್ಥಾವರದ ವಿರೋಧವಿತ್ತು. ಆ ಭೀತಿ ಎಷ್ಟು ಸಕಾರಣ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಸ್ಥಾವರದೊಳಗೆ ದುಡಿಯುವವರ ದೇಹ ಸೇರುವ ವಿಕಿರಣವನ್ನು ಅಳೆದು ದಾಖಲಿಸಬೇಕೆಂಬ ವಿಚಾರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದೇ ಕಾರವಾರ, ಅಂಕೋಲಾ ಸೀಮೆಯಲ್ಲಿ ಕಲ್ನಾರಿನ ಸಿಮೆಂಟ್ ಶೀಟು ಕೊಯ್ದು ಸೂರು ಹೊದಿಸುವ ಕೂಲಿಯವನ ಶ್ವಾಸಕೋಶದ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ನಡೆದ ಘಟನೆಯನ್ನೇ ನೋಡಿ. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿದ ಭಾರಜಲ ಬೆರೆತು, ಹಲವಾರು ನೌಕರರ ದೇಹಕ್ಕೆ ಅದು ಸೇರಿತು. ಒಳಗಿನವರದೇ ಕೃತ್ಯವೆಂದು ಅಧಿಕಾರಿಗಳು ಶಂಕಿಸಿದರು. ಭದ್ರತೆಯ ದೃಷ್ಟಿಯಿಂದ ಇದು ನಾಚಿಕೆಗೇಡಿನ ಪ್ರಕರಣ. ಆದರೂ ಅದು ಬೆಳಕಿಗೆ ಬಂದದ್ದು ನೌಕರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ದೇಹ ಸೇರಿದ ಟ್ರಿಟಿಯಂನ ಅರ್ಧದಷ್ಟು ಸುಮಾರು ಹತ್ತು ದಿನಗಳಲ್ಲಿ ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ.

ಕಲ್ನಾರಿಗೆ ಇಂಥ ದಾಕ್ಷಿಣ್ಯವಿಲ್ಲ. ಕಣ್ಣಿಗೆ ಕಾಣದ ಅದರ ಎಳೆಗಳು ಉಸಿರಿನೊಡನೆ ಒಳಸೇರಿದರೆ ದಶಕಗಳ ಕಾಲ ಅಲ್ಲಿಯೇ ನಿಲ್ಲಬಲ್ಲವು. ಶ್ವಾಸಕೋಶವನ್ನು ಗಡುಸಾಗಿಸುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಮೀಸೊಥೀಲಿಯೋಮಾ ಅದರ ಕೊಡುಗೆಗಳು. ಕೊನೆಯದು ಶ್ವಾಸಕೋಶ ಅಥವಾ ಉದರದ ಒಳಪೊರೆಗೆ ತಗಲುವ ಕ್ಯಾನ್ಸರ್. ಧೂಳು ಸೋಕಿದ ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ತಡವಾಗಿ ಅದು ಕಾಣಿಸಿಕೊಳ್ಳುತ್ತದೆ. ಪತ್ತೆಯಾದ ಮೇಲೆ ಬಹುತೇಕ ರೋಗಿಗಳು ಬದುಕುವುದು ಒಂದೆರಡು ವರ್ಷ. ದಕ್ಷಿಣ ಆಫ್ರಿಕಾದ ವೈದ್ಯರು 1960ರಲ್ಲಿ ವರದಿ ಮಾಡಿದ 33 ರೋಗಿಗಳಲ್ಲಿ ಅನೇಕರು ಗಣಿಗಿಳಿದವರೇ ಅಲ್ಲ, ಗಣಿಯ ನೆರೆಯಲ್ಲಿ ಬಾಳಿದವರು.

ಬಿಳಿ ಕಲ್ನಾರು ನಿರಪಾಯಕಾರಿ ಎಂಬುದು ಉದ್ಯಮದ ವಾದ. ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ನಿರ್ಣಯ. ಅರುವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಾವಾದರೋ 1986ರಲ್ಲಿ ಹೊಸ ಗಣಿ ಗುತ್ತಿಗೆಗಳನ್ನೂ 1993ರಲ್ಲಿ ಅವುಗಳ ನವೀಕರಣವನ್ನೂ ತಡೆದು, ಹೊರದೇಶಗಳಿಂದ ವರ್ಷಕ್ಕೆ ಲಕ್ಷಾಂತರ ಟನ್ ತರಿಸಿಕೊಳ್ಳುತ್ತ ಬಂದಿದ್ದೇವೆ. ನಮ್ಮ ನೆಲದಲ್ಲಿ ಅಗೆಯಲಾಗದ್ದು ನಮ್ಮ ಮಾಡಿನ ಮೇಲೆ ಹೇಗೆ ಸುರಕ್ಷಿತವಾದೀತು?

ಭಯ ಹುಟ್ಟಿಸುವುದು ಈ ಲೇಖನದ ಉದ್ದೇಶವಲ್ಲ. ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗುವವರಿಗೆ ಅಪಾಯ ಅಲ್ಪ. ಅದನ್ನು ಕೊಯ್ಯುವಾಗ, ಕೊರೆಯುವಾಗ, ಗಾಳಿಮಳೆಗೆ ಒಡೆದ ಚೂರುಗಳನ್ನು ಕುಟ್ಟಿ ಅಂಗಳಕ್ಕೆ ಹರಡುವಾಗ ಏಳುವ ಧೂಳೇ ಅಪಾಯಕಾರಿ. ಆ ಧೂಳನ್ನು ಉಣ್ಣುವವನು ಇಂದು ಇಲ್ಲಿ, ನಾಳೆ ಗೋವಾದಲ್ಲಿ ಕೆಲಸ ಹುಡುಕುವ ದಿನಗೂಲಿಯವನು. ಮೂವತ್ತು ವರ್ಷಗಳ ನಂತರ ಆತ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದರೆ, ಹಿಂದೆ ಮಾಡಿದ ಕೆಲಸಕ್ಕೂ ಇಂದಿನ ರೋಗಕ್ಕೂ ಇರುವ ಸಂಬಂಧವನ್ನು ತೋರಿಸುವ ಒಂದು ಚೀಟಿಯೂ ಆತನ ಬಳಿ ಇರುವುದಿಲ್ಲ.

ಸುಪ್ರೀಂ ಕೋರ್ಟ್ ಇದನ್ನು ಗುರುತಿಸಿತ್ತು. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸ ಆರಂಭಿಸಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು 1995ರ ಜನವರಿಯಲ್ಲಿ ಆದೇಶಿಸಿತು. ಆದರೆ ಹಾಜರಿ ಪುಸ್ತಕವೇ ಇಲ್ಲದ ಕಡೆ ಆರೋಗ್ಯದ ಪುಸ್ತಕ ಎಲ್ಲಿಂದ ಬರಬೇಕು? 2011ರಲ್ಲಿ ಸಂಪೂರ್ಣ ನಿಷೇಧದ ಕೋರಿಕೆಯನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ಹೀಗಾಗಿ ಹೊಣೆ ಸರ್ಕಾರದ ಮೇಲಿದೆ.

ನಿಷೇಧ ಬರುವವರೆಗೂ ಕಾಯಬೇಕಿಲ್ಲ. ಶಾಲೆ, ಅಂಗನವಾಡಿಗಳಿಗೆ ಈ ಶೀಟು ಬಳಸದಿರುವುದು, ಹಳೆಯದನ್ನು ನೀರು ಚಿಮುಕಿಸಿ, ಒಡೆಯದೆ ಇಳಿಸುವುದನ್ನು ಕಲಿಸುವುದು, ಎದೆರೋಗಿಗಳ ಹಿಂದಿನ ಉದ್ಯೋಗವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೇಳಿ ಬರೆದಿಡುವುದು, ಇವು ಇಂದೇ ಸಾಧ್ಯ. ಅಳತೆ ಇದ್ದಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆಂಬುದನ್ನು ಕೈಗಾ ತೋರಿಸಿದೆ. ಅಳತೆಯೇ ಇಲ್ಲದ ಕಡೆ ರೋಗಿ ಸಾಯುತ್ತಾನೆ, ರೋಗದ ಕಾರಣ ಯಾರಿಗೂ ತಿಳಿಯುವುದಿಲ್ಲ.