ಸೊಳ್ಳೆಗೂ ರೋಗ ಬರುತ್ತದೆಯೇ? ಮುಂಬೈ ಮಳೆಗಾಲದ ಪ್ರಶ್ನೆಗೆ ಕೀಟಶಾಸ್ತ್ರದ ಉತ್ತರ

ಮುಂಬೈ: ಮಳೆಗಾಲ ಬಂತೆಂದರೆ ಮುಂಬೈ ಮತ್ತು ಉಪನಗರಗಳಲ್ಲಿ ಮಲೇರಿಯಾ, ಡೆಂಗ್ಯೂ ಭೀತಿ ಶುರು. ಎಲ್ಲರ ಗಮನ ಜ್ವರ ಬಂದ ಮನುಷ್ಯನ ಮೇಲೆ. ಆದರೆ ಆ ಜ್ವರ ಹೊತ್ತು ತಂದ ಸೊಳ್ಳೆಗೆ ಕಾಯಿಲೆ ಇದೆಯೇ?

ಕೀಟಶಾಸ್ತ್ರದ ಉತ್ತರ: ಬಹುತೇಕ ಇಲ್ಲ. ಡೆಂಗ್ಯೂ ವೈರಾಣು ಹೊಕ್ಕ ಈಡಿಸ್ ಸೊಳ್ಳೆ ಬದುಕಿರುವಷ್ಟು ದಿನ ಅದನ್ನು ಹೊತ್ತುಕೊಂಡೇ ಹಾರುತ್ತದೆ, ರಕ್ತ ಹೀರುತ್ತದೆ, ಮೊಟ್ಟೆ ಇಡುತ್ತದೆ. ಮೈಯಲ್ಲಿ ರೋಗಾಣು ಇದ್ದ ಮಾತ್ರಕ್ಕೆ ಅದು ಕೀಟದ ರೋಗವಲ್ಲ. ಅಂಗಾಂಗ ಕೆಟ್ಟು ಆಹಾರ, ಬೆಳವಣಿಗೆ, ಸಂತಾನಕ್ಕೆ ಧಕ್ಕೆಯಾದರೆ ಮಾತ್ರ ರೋಗ.

ಪರೇಲ್ ಕಲಿಸಿದ ಪಾಠ

ಇದಕ್ಕೆ ವಿರುದ್ಧ ಉದಾಹರಣೆಯೂ ಮುಂಬೈನಲ್ಲೇ ಇದೆ. 1896ರಲ್ಲಿ ನಗರಕ್ಕೆ ಪ್ಲೇಗ್ ಬಡಿಯಿತು. ಇಲಿಯ ಚಿಗಟವೇ ಅದನ್ನು ಹರಡುತ್ತದೆ ಎಂಬುದನ್ನು 1905ರಿಂದ ಪರೇಲ್ ಪ್ರಯೋಗಾಲಯದಲ್ಲಿ (ಇಂದಿನ ಹಾಫ್‌ಕಿನ್ ಸಂಸ್ಥೆ) ನಡೆದ ಪ್ರಯೋಗಗಳು ದೃಢಪಡಿಸಿದವು. 1914ರಲ್ಲಿ ಬೇಕಾಟ್ ಮತ್ತು ಮಾರ್ಟಿನ್ ಅದರ ಕಾರಣ ವಿವರಿಸಿದರು. ಬ್ಯಾಕ್ಟೀರಿಯಾ ಬೆಳೆದು ಚಿಗಟದ ಹೊಟ್ಟೆಯ ದಾರಿಯನ್ನೇ ಮುಚ್ಚುತ್ತದೆ. ರಕ್ತ ಒಳಗಿಳಿಯದೆ, ಹಸಿದ ಚಿಗಟ ಮತ್ತೆ ಮತ್ತೆ ಕಚ್ಚಿ ಕೊನೆಗೆ ಸಾಯುತ್ತದೆ. ಇಲ್ಲಿ ಕೀಟದ ಕಾಯಿಲೆಯೇ ಮನುಷ್ಯನ ಕಾಯಿಲೆಗೆ ದಾರಿ.

ರೇಷ್ಮೆ ಹುಳುವಿನಿಂದ ಸಿಕ್ಕ ಅಸ್ತ್ರ

ಕೀಟದ ರೋಗ ಎಂದರೇನೆಂದು ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗ ಅವರಿಗೆ ಗೊತ್ತಿರುವ ನಷ್ಟಗಳೇ. 1901ರಲ್ಲಿ ಜಪಾನ್‌ನ ಇಶಿವಾಟಾ ಸತ್ತ ರೇಷ್ಮೆ ಹುಳುಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅದೇ ಮುಂದೆ ಬಿಟಿ ಎಂದು ಹೆಸರಾಯಿತು. ಸೊಳ್ಳೆಯ ಲಾರ್ವಾಗಳನ್ನು ಕೊಲ್ಲುವ ಅದರ ತಳಿ ಬಿಟಿಐ 1976ರಲ್ಲಿ ಇಸ್ರೇಲ್‌ನಲ್ಲಿ ಸಿಕ್ಕಿತು. ಇಂದು ಭಾರತದ ಸೊಳ್ಳೆ ನಿಯಂತ್ರಣ ಕಾರ್ಯಕ್ರಮದಲ್ಲೂ ಅದಕ್ಕೆ ಜಾಗವಿದೆ.

ಲಾರ್ವಾ ನುಂಗಿದ ಬಿಟಿಐ ಹರಳುಗಳು ಕರುಳಿನಲ್ಲಿ ಕರಗಿ ವಿಷವಾಗುತ್ತವೆ, ಕರುಳಿನ ಗೋಡೆ ಒಡೆಯುತ್ತದೆ. ಮನುಷ್ಯರಿಗೆ, ಮೀನುಗಳಿಗೆ ಅಪಾಯವಿಲ್ಲ. ಅಂದರೆ ಮನುಷ್ಯನ ರೋಗ ತಡೆಯಲು ಸೊಳ್ಳೆಗೆ ರೋಗ ತರಿಸುವ ಉಪಾಯವಿದು.

ಅಡ್ಡಿ ಎಲ್ಲಿದೆ?

ಲಾರ್ವಾ ತಿಂದರೆ ಮಾತ್ರ ಈ ಅಸ್ತ್ರ ಕೆಲಸ ಮಾಡುತ್ತದೆ. ಮುಂದಿನ ಹಂತವಾದ ಪ್ಯೂಪಾ ಏನನ್ನೂ ತಿನ್ನುವುದಿಲ್ಲ. ಪರಿಣಾಮವೂ ಹೆಚ್ಚು ದಿನ ಉಳಿಯುವುದಿಲ್ಲ, ಮತ್ತೆ ಮತ್ತೆ ಹಾಕಬೇಕು. ಮುಂಬೈನ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಬಾವಿ, ಟ್ಯಾಂಕ್‌ಗಳ ಶುದ್ಧ ನೀರಿನಲ್ಲೇ ಹುಟ್ಟುತ್ತದೆ. 1911ರಲ್ಲೇ ಬೆಂಟ್ಲಿ ವರದಿ ನಗರದ ಬಾವಿಗಳತ್ತ ಬೆರಳು ತೋರಿಸಿತ್ತು. ಇಂದು ಆ ಜಾಗದಲ್ಲಿ ಕಟ್ಟಡಗಳ ತಾರಸಿಯ ಟ್ಯಾಂಕ್, ಚಾಳಿನ ಡ್ರಮ್‌ಗಳಿವೆ.

ಪ್ರಯೋಗಾಲಯ ತನ್ನ ಕೆಲಸ ಮಾಡಿದೆ. ಉಳಿದಿರುವುದು ಟ್ಯಾಂಕ್‌ನ ಮುಚ್ಚಳ ಭದ್ರಪಡಿಸುವ, ತಪಾಸಣೆಗೆ ಬಂದವರಿಗೆ ಬಾಗಿಲು ತೆರೆಯುವ ಕೆಲಸ. ಅದು ಪಾಲಿಕೆಯದ್ದಷ್ಟೇ ಅಲ್ಲ, ಪ್ರತಿ ಸೊಸೈಟಿಯದ್ದೂ ಹೌದು.