ಒಂದು ಬಟ್ಟಲು ಬಾದಾಮಿ ಎಷ್ಟು ಗ್ರಾಂ?

ಪಾಕಶಾಸ್ತ್ರದ ಪುಸ್ತಕಗಳಲ್ಲಿ ‘ಒಂದು ಬಟ್ಟಲು ಬಾದಾಮಿ, ಒಂದು ಬಟ್ಟಲು ಸಕ್ಕರೆ’ ಎಂಬಂಥ ವಿಧಿಗಳನ್ನು ವಾಚಕರು ಕಂಡಿರಬಹುದು. ಬಟ್ಟಲನ್ನು ಗ್ರಾಂಗಳಿಗೆ ಪರಿವರ್ತಿಸುವ ಕೋಷ್ಟಕಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. ಆದರೆ ಬಾದಾಮಿಗೆ ಒಂದೇ ಒಂದು ಅಂಕಿಯನ್ನು ಕೊಟ್ಟು ಸುಮ್ಮನಾಗುವ ಕೋಷ್ಟಕವನ್ನು ನಂಬುವುದು ಸರಿಯಲ್ಲ. ಹಾಲಿಗೆ ಅಂಥ ಅಂಕಿ ಸಾಕು. ಬೀಜಗಳಿಗೆ ಸಾಲದೆಂಬುದು ನಮ್ಮ ವಾದ.

ದ್ರವವು ಪಾತ್ರೆಯ ಮೂಲೆಮೂಲೆಯನ್ನೂ ತುಂಬುತ್ತದೆ. ಬೀಜಗಳ ನಡುವೆ ಗಾಳಿ ಉಳಿಯುತ್ತದೆ. ಬಾದಾಮಿಯ ತಿರುಳಿನ ಸಾಂದ್ರತೆ ನೀರಿನ ಸಾಂದ್ರತೆಗೆ ಸಮೀಪವಾದುದು. ಆದರೂ ಸುಮಾರು 237 ಮಿಲಿಲೀಟರು ಹಿಡಿಯುವ ಅಮೆರಿಕದ ಬಟ್ಟಲಿನಲ್ಲಿ ಇಡಿಯ ಬಾದಾಮಿ 143 ಗ್ರಾಂ ಮಾತ್ರ ಹಿಡಿಸುತ್ತದೆಂದು ಆ ದೇಶದ ಕೃಷಿ ಇಲಾಖೆಯ ಆಹಾರ ಕೋಷ್ಟಕ ಹೇಳುತ್ತದೆ. ತೆಳುವಾಗಿ ಹೆಚ್ಚಿದ ಬಾದಾಮಿಯಾದರೆ 92 ಗ್ರಾಂ, ಪುಡಿಯಾದರೆ 95. ತೆಳುವಾದ ಹೋಳುಗಳು ಅಡ್ಡಾದಿಡ್ಡಿಯಾಗಿ ಬಿದ್ದು ತಮ್ಮ ಕೆಳಗೆ ಪೊಳ್ಳನ್ನು ಉಳಿಸುತ್ತವೆ. ಎಣ್ಣೆಯಂಶವುಳ್ಳ ಪುಡಿಯ ಕಣಗಳು ಪರಸ್ಪರ ಅಂಟಿಕೊಂಡು ಸುಲಭವಾಗಿ ಕೆಳಗೆ ಕುಸಿಯುವುದಿಲ್ಲ.

ಹಾಗಾದರೆ ಹೆಚ್ಚಿದಷ್ಟೂ ತೂಕ ಇಳಿಯುವುದೆಂದು ಸೂತ್ರ ಕಟ್ಟಬಹುದೇ? ಅದೂ ಸಲ್ಲದು. ಅದೇ ಕೋಷ್ಟಕದಲ್ಲಿ ಅಕ್ರೋಟಿನ ಅರೆಹೋಳುಗಳು ಬಟ್ಟಲಿಗೆ 100 ಗ್ರಾಂ. ಕೊಚ್ಚಿದರೆ 117 ಗ್ರಾಂ! ಡೊಂಕುಡೊಂಕಾದ ಆ ಹೋಳುಗಳ ನಡುವಿನ ದೊಡ್ಡ ಪೊಳ್ಳುಗಳಲ್ಲಿ ಸಣ್ಣ ಚೂರುಗಳು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಪುಡಿ ಮಾಡಿದೊಡನೆ ಮತ್ತೆ 80ಕ್ಕೆ ಇಳಿಯುತ್ತದೆ. ಆಕಾರವೇ ಇಲ್ಲಿ ಯಜಮಾನ. ಸರಳವಾದ ಗೋಲಿಗಳ ಜೋಡಣೆಯೂ ಸುಲಭದ ಸಮಸ್ಯೆಯಲ್ಲ. ಸಮಗಾತ್ರದ ಗೋಲಿಗಳು ಸ್ಥಳದ ಶೇಕಡಾ 74ಕ್ಕಿಂತ ಹೆಚ್ಚು ಪಾಲನ್ನು ತುಂಬಲಾರವೆಂದು ಕೆಪ್ಲರನು 1611ರಲ್ಲಿ ಊಹಿಸಿದನು. ಅದಕ್ಕೆ ಥಾಮಸ್ ಹೇಲ್ಸ್ ಸಾಧನೆಯನ್ನು ಒದಗಿಸಿದುದು 1998ರಲ್ಲಿ.

ಬರ್ಫಿಗೆ ಬರೋಣ. ಒಂದು ಬಟ್ಟಲು ಸಕ್ಕರೆ ಸುಮಾರು 200 ಗ್ರಾಂ. ಇಡಿಯ ಬಾದಾಮಿಯನ್ನು ಅಳೆದು ಆಮೇಲೆ ಪುಡಿ ಮಾಡಿದರೆ ಸಕ್ಕರೆ ಬಾದಾಮಿಯ 1.4ರಷ್ಟು, ಪುಡಿಯನ್ನೇ ಬಟ್ಟಲಿನಲ್ಲಿ ಅಳೆದರೆ 2.1ರಷ್ಟು. ಪುಸ್ತಕದ ಒಂದೇ ವಾಕ್ಯವನ್ನು ನಂಬಿದ ಇಬ್ಬರು ಎರಡು ಬೇರೆ ತಿಂಡಿಗಳನ್ನು ಮಾಡಿರುತ್ತಾರೆ. ದುಬಾರಿ ಬಾದಾಮಿ ಕೆಟ್ಟಾಗ ಅಪವಾದ ಹೊರುವವರು ಮಾತ್ರ ಅಡುಗೆ ಮಾಡಿದವರು.

ನಮ್ಮ ಅಜ್ಜಿಯರು ಪಾವು ಸೇರುಗಳಲ್ಲಿಯೇ ಅಳೆದು ಸೊಗಸಾಗಿ ಅಡುಗೆ ಮಾಡಲಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ನಿಜ, ಆದರೆ ಅವರಿಗೆ ಪಾತ್ರೆಯೂ ಅದೇ, ಕೈಯೂ ಅದೇ, ಅಂಗಡಿಯೂ ಬಹುಮಟ್ಟಿಗೆ ಅದೇ. ಅಚ್ಚಾದ ವಿಧಿಯಾದರೋ ಅಪರಿಚಿತರ ಮನೆಗೆ ಹೋಗತಕ್ಕದ್ದು. ಮೆಟ್ರಿಕ್ ಮಾನಗಳನ್ನು ಸ್ವೀಕರಿಸಿದ ಶಾಸನ ನಮ್ಮ ದೇಶದಲ್ಲಿ 1956ರಲ್ಲಿಯೇ ಬಂದಿತು. ಪಾಕವಿಧಿಗಳನ್ನು ಅಚ್ಚು ಹಾಕುವವರು ಬೀಜಗಳನ್ನು ಗ್ರಾಂಗಳಲ್ಲಿ ಹೇಳಬೇಕು. ಬಟ್ಟಲನ್ನು ಬಿಡಲಾಗದಿದ್ದರೆ ಇಡಿಯದೋ, ಹೆಚ್ಚಿದುದೋ, ಪುಡಿಯೋ ಎಂಬುದನ್ನಾದರೂ ತಿಳಿಸಬೇಕು.

ವಿದ್ಯಾರ್ಥಿಗಳು ನಮ್ಮ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಅರ್ಧ ಕಿಲೋಗ್ರಾಂ ಕಡಲೆಕಾಯಿಬೀಜವನ್ನೂ ಒಂದು ತಕ್ಕಡಿಯನ್ನೂ ತೆಗೆದುಕೊಂಡು, ಒಂದೇ ಬಟ್ಟಲನ್ನು ಹತ್ತು ಸಲ ತುಂಬಿ ತೂಗಲಿ: ಐದು ಸಲ ಕುಲುಕದೆ, ಐದು ಸಲ ಕುಲುಕಿ. ಬಳಿಕ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಹೋಳು ಮಾಡಿ ಮತ್ತೊಮ್ಮೆ ತೂಗಲಿ. ತೂಕದ ಎದುರಿಗೆ ಬಟ್ಟಲಿನ ಗಾತ್ರ, ಬೀಜದ ಸ್ಥಿತಿ, ಕುಲುಕಿದ ಬಗೆ ಇವು ಮೂರನ್ನೂ ಬರೆದಿಡಲಿ.