ಮೀನಿಗೆ ಮೊದಲು ನೀರನ್ನು ಸಾಕೋಣ



ಶಾಲೆಗೆ ಅಕ್ವೇರಿಯಂ ಬರುತ್ತದೆ ಎಂದರೆ ಯಾರಿಗೆ ತಾನೆ ಸಂತೋಷವಾಗುವುದಿಲ್ಲ? ಊರಿನ ದಾನಿಗಳೊಬ್ಬರು ಗಾಜಿನ ತೊಟ್ಟಿ ಕೊಡಿಸುತ್ತಾರೆ. ಶಿವಮೊಗ್ಗಕ್ಕೋ ದಾವಣಗೆರೆಗೋ ಹೋದವರು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು, ಹಳದಿ ಮೀನುಗಳನ್ನು ತರುತ್ತಾರೆ. ಬೆಳಿಗ್ಗೆ ತೊಟ್ಟಿ ತೊಳೆದು ನೀರು ತುಂಬಿಸಿದರೆ ಸಂಜೆಯೊಳಗೆ ಮೀನು ಬಿಟ್ಟಾಯಿತು. ಎರಡು ಮೂರು ದಿನ ಎಲ್ಲವೂ ಚೆನ್ನ. ಆಮೇಲೆ ಒಂದು ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತದೆ. ಇನ್ನೊಂದು ಮೂಲೆ ಸೇರಿ ಅಲುಗಾಡದೆ ನಿಲ್ಲುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ತೊಟ್ಟಿ ಖಾಲಿ.

ಆಗ ಶುರುವಾಗುತ್ತದೆ ಮಾತು. "ಅಂಗಡಿಯವನು ರೋಗದ ಮೀನು ಕೊಟ್ಟ." "ಯಾರದೋ ದೃಷ್ಟಿ ತಾಗಿತು." "ಐದನೇ ತರಗತಿಯವರು ಕೈ ಹಾಕಿದರು, ಅದಕ್ಕೇ ಸತ್ತವು." ಪಾಪ, ಐದನೇ ತರಗತಿಯ ಮಕ್ಕಳು! ಬಹಳಷ್ಟು ಸಲ ತಪ್ಪು ಇವರಾರದೂ ಅಲ್ಲ. ತಪ್ಪು ನಮ್ಮ ಅವಸರದ್ದು. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೊಸ ತೊಟ್ಟಿಗೆ ನೀರು ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಒಂದು ಮೀನನ್ನೂ ಬಿಡಬಾರದು. ಏಕೆ ಎಂದು ನೋಡೋಣ ಬನ್ನಿ.

ತಿಳಿನೀರಿನಲ್ಲೂ ವಿಷ

ದನದ ಕೊಟ್ಟಿಗೆಯನ್ನು ಎರಡು ದಿನ ತೊಳೆಯದಿದ್ದರೆ ಮೂಗಿಗೆ ಘಾಟು ವಾಸನೆ ಬಡಿಯುತ್ತದೆ ಅಲ್ಲವೆ? ಅದು ಅಮೋನಿಯ ಎಂಬ ಅನಿಲದ ವಾಸನೆ. ಗಂಜಲದಲ್ಲಿರುವ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಮೀನಾದರೋ ಅಮೋನಿಯವನ್ನು ನೇರವಾಗಿ, ಮುಖ್ಯವಾಗಿ ತನ್ನ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯ ಹುಟ್ಟುತ್ತದೆ.

ಹೊಳೆಯಲ್ಲಿ ಈ ಅಮೋನಿಯ ಹರಿದು ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಲೆಕ್ಕ ಮಾಡಿ. ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30 ಸೆಂಟಿಮೀಟರ್, ನೀರಿನ ಎತ್ತರ 25 ಸೆಂಟಿಮೀಟರ್ ಇದ್ದರೆ ಅದರಲ್ಲಿರುವುದು ಕೇವಲ 45 ಲೀಟರ್ ನೀರು. ಮೂರು ಕೊಡಕ್ಕೂ ಸ್ವಲ್ಪ ಹೆಚ್ಚು, ಅಷ್ಟೆ. ಅದರಲ್ಲಿ ಹತ್ತು ಮೀನುಗಳು ಹಗಲೂ ರಾತ್ರಿ ಅಮೋನಿಯ ಬಿಡುತ್ತಿರುತ್ತವೆ. ನೀರು ಕನ್ನಡಿಯಂತೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಮೀನಿನ ಕಿವಿರುಗಳು ಸುಡುತ್ತಿರುತ್ತವೆ. ತಿಳಿಯಾದ ನೀರೆಲ್ಲ ಒಳ್ಳೆಯ ನೀರು ಎಂದು ನಂಬುವುದೇ ಇಲ್ಲಿ ನಡೆಯುವ ಮೊದಲ ತಪ್ಪು.

ಅಮೋನಿಯವನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಪ್ರಕೃತಿಯಲ್ಲಿವೆ. ಅವು ಅಮೋನಿಯವನ್ನು ನೈಟ್ರೈಟ್ ಎಂಬ ವಸ್ತುವಾಗಿ ಬದಲಿಸುತ್ತವೆ. ಅಯ್ಯೋ, ನೈಟ್ರೈಟೂ ವಿಷವೇ! ಅದು ಮೀನಿನ ರಕ್ತವನ್ನು ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ, ಕೆಂಪು ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಅದೃಷ್ಟಕ್ಕೆ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಸ್ವಲ್ಪ ಪ್ರಮಾಣದಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಗಳಿಗಂತೂ ಅದು ಗೊಬ್ಬರ. ನಿಮ್ಮ ಹೊಲದ ಮೆಕ್ಕೆಜೋಳಕ್ಕೆ ಹಾಕಿದ ಯೂರಿಯಾ ಕೂಡ ಮಣ್ಣಿನಲ್ಲಿ ಇದೇ ದಾರಿಯಲ್ಲಿ ನೈಟ್ರೇಟ್ ಆಗುತ್ತದೆ. ಸಾರಜನಕ ಚಕ್ರ ಎಂದು ಪಾಠದಲ್ಲಿ ಓದುತ್ತೀರಲ್ಲ, ಅದರ ಒಂದು ತುಂಡು ಇದು.

ಪ್ಯಾರಿಸ್ಸಿನ ಗಾಜಿನ ಕೊಳವೆ

ಈ ಕೆಲಸ ಮಾಡುವುದು ಜೀವಿಗಳೇ ಎಂದು ಹೇಗೆ ತಿಳಿಯಿತು? 1877ರಲ್ಲಿ ಫ್ರಾನ್ಸ್ ದೇಶದ ಷ್ಲೋಸಿಂಗ್ ಮತ್ತು ಮ್ಯುಂಟ್ಜ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗ ಮಾಡಿದರು. ಉದ್ದನೆಯ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಬಿಟ್ಟರು. ಸುಮಾರು 20 ದಿನ ಏನೂ ಆಗಲಿಲ್ಲ. ಒಳಗೆ ಹೋದ ಅಮೋನಿಯ ಹಾಗೆಯೇ ಹೊರಗೆ ಬಂತು. ಆಮೇಲೆ ಹೊರಬಂದ ನೀರಿನಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು! ಕೊಳವೆಗೆ ಕ್ಲೋರೋಫಾರ್ಮ್ ಹಾಕಿದಾಗ ಕೆಲಸ ನಿಂತುಹೋಯಿತು. ಕ್ಲೋರೋಫಾರ್ಮ್ ತೆಗೆದು, ಮಣ್ಣು ಕಲಸಿದ ನೀರು ಹಾಕಿದಾಗ ಸ್ವಲ್ಪ ದಿನಗಳಲ್ಲಿ ಮತ್ತೆ ಶುರುವಾಯಿತು. ಮರಳು ಸಾಯುವುದಿಲ್ಲ. ಸತ್ತದ್ದು ಮರಳಿನ ಮೇಲಿದ್ದ ಜೀವಿಗಳು ಎಂದಾಯಿತು. ಮುಂದೆ 1890ರ ಹೊತ್ತಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದರು. ಈ ಕಥೆ ಇನ್ನೂ ಮುಗಿದಿಲ್ಲ. ಎರಡೂ ಹಂತಗಳನ್ನು ತಾನೊಂದೇ ಮಾಡಬಲ್ಲ ಬ್ಯಾಕ್ಟೀರಿಯ ಇದೆ ಎಂದು 2015ರಲ್ಲಷ್ಟೇ ಗೊತ್ತಾಯಿತು. ಅಂಥವು ಸಿಕ್ಕ ಜಾಗಗಳಲ್ಲಿ ಒಂದು ಯಾವುದು ಗೊತ್ತೆ? ಮೀನು ಸಾಕಣೆಯ ನೀರನ್ನು ಸೋಸುವ ಸಾಧನ!

ಆ 20 ದಿನಗಳನ್ನು ಗಮನಿಸಿ. ನಿಮ್ಮ ಹೊಸ ತೊಟ್ಟಿಯಲ್ಲೂ ಆಗುವುದು ಅದೇ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ಮೊಸರಿನ ಬ್ಯಾಕ್ಟೀರಿಯಗಳು ಅಷ್ಟು ಬೇಗ ಹೆಚ್ಚುತ್ತವೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಗಳಿಗೆ ತಮ್ಮ ಊಟದಿಂದ ದೊರೆಯುವ ಶಕ್ತಿ ತೀರ ಕಡಿಮೆ. ಆದ್ದರಿಂದ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕಾಗುತ್ತದೆ. ಚಳಿಗಾಲದಲ್ಲಿ ಇನ್ನೂ ನಿಧಾನ. ಅವನ್ನು ಅವಸರಪಡಿಸಲು ಯಾವ ಅಧಿಕಾರಿಯಿಂದಲೂ ಆಗದು!

"ಕೆರೆಯ ಮೀನಿಗೆ ಯಾರು ಕಾಯುತ್ತಾರೆ?"

ಜಾಣರಾದ ನೀವು ಕೇಳಬಹುದು. "ಸವಳಂಗದ ಕೆರೆಯಲ್ಲಿ, ಹೊನ್ನಾಳಿಯ ತುಂಗಭದ್ರೆಯಲ್ಲಿ ಮೀನುಗಳು ಸುಖವಾಗಿಲ್ಲವೆ? ಅಲ್ಲಿ ಯಾರು ಆರು ವಾರ ಕಾದರು?" ಒಳ್ಳೆಯ ಪ್ರಶ್ನೆ. ಕೆರೆಯ ತಳದ ಕೆಸರು, ಪ್ರತಿಯೊಂದು ಕಲ್ಲು, ಪ್ರತಿಯೊಂದು ಜೊಂಡಿನ ಕಾಂಡದ ಮೇಲೂ ಈ ಬ್ಯಾಕ್ಟೀರಿಯಗಳು ಎಷ್ಟೋ ವರ್ಷಗಳಿಂದ ಮನೆಮಾಡಿಕೊಂಡಿವೆ. ಸೂಳೆಕೆರೆಯಂಥ ದೊಡ್ಡ ಕೆರೆಯಲ್ಲಿ ಒಂದು ಮೀನಿನ ಪಾಲಿಗೆ ಬರುವ ನೀರು ಎಷ್ಟು, ನಿಮ್ಮ ತೊಟ್ಟಿಯಲ್ಲಿ ಎಷ್ಟು? ಹೋಲಿಸಿ ನೋಡಿ.

ಇನ್ನೊಂದು ಮಾತು. ಕೃಷಿಹೊಂಡದಲ್ಲಿ ಮೀನು ಸಾಕುವ ರೈತರನ್ನು ವಿಚಾರಿಸಿ. ಅವರು ಹೊಂಡಕ್ಕೆ ಸುಣ್ಣ ಹಾಕಿ, ಸಗಣಿ ಹಾಕಿ, ನೀರು ಹಸಿರು ಛಾಯೆಗೆ ತಿರುಗುವವರೆಗೆ ಕಾದು, ಆಮೇಲೆ ಕಾಟ್ಲಾ, ರೋಹು ಮರಿಗಳನ್ನು ಬಿಡುತ್ತಾರೆ. ಅವರು ಕಾಯುವುದು ಮರಿಗಳಿಗೆ ಬೇಕಾದ ಸೂಕ್ಷ್ಮ ಆಹಾರ ಬೆಳೆಯಲಿ ಎಂದು. ಕಾರಣ ಬೇರೆ, ಬುದ್ಧಿ ಒಂದೇ. ಮೊದಲು ನೀರು ಸಿದ್ಧವಾಗಬೇಕು, ಆಮೇಲೆ ಮೀನು.

ಕಾಯುವುದು ಹೇಗೆ?

ಸುಮ್ಮನೆ ನೀರು ನಿಲ್ಲಿಸಿದರೆ ಆಗದು. ಊಟವಿಲ್ಲದೆ ಬ್ಯಾಕ್ಟೀರಿಯ ಬೆಳೆಯುವುದಿಲ್ಲ. ಹೀಗೆ ಮಾಡಿ:

1. ತೊಟ್ಟಿಗೆ ತೊಳೆದ ಸಣ್ಣ ಜಲ್ಲಿ ಹಾಕಿ, ಸ್ಪಂಜಿನ ಫಿಲ್ಟರ್ ಮತ್ತು ಗಾಳಿ ಪಂಪು ಜೋಡಿಸಿ. ಸೋಪು ಬಳಸಬೇಡಿ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅದರ ಕ್ಲೋರಿನ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಆದ್ದರಿಂದ ನೀರನ್ನು ಒಂದೆರಡು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಬಳಸಿ.

2. ಮೀನು ಇಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯ ಆಗುತ್ತದೆ.

3. ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯಿಂದ ಒಂದು ಹಿಡಿ ಜಲ್ಲಿ ಅಥವಾ ಸ್ಪಂಜಿನ ತುಂಡು ಸಿಕ್ಕರೆ ಒದ್ದೆಯಾಗಿಯೇ ತಂದು ಹಾಕಿ. ಇದೇ ತೊಟ್ಟಿಯ ಹೆಪ್ಪು. ಕಾಯುವ ದಿನಗಳು ಕಡಿಮೆಯಾಗುತ್ತವೆ.

4. ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆಯುವ ಹನಿ ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ನಿಮ್ಮ ಕ್ಲಸ್ಟರಿನ ನಾಲ್ಕೈದು ಶಾಲೆಗಳು ಸೇರಿ ಒಂದು ಕಿಟ್ ಕೊಳ್ಳಬಹುದು. ಎರಡು ದಿನಕ್ಕೊಮ್ಮೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟ್ ಏರುತ್ತದೆ.

5. ಆಹಾರ ಹಾಕುತ್ತಿದ್ದರೂ ಅಮೋನಿಯ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧ. ಅರ್ಧ ನೀರು ಬದಲಿಸಿ, ಮೊದಲು ಮೂರೋ ನಾಲ್ಕೋ ಗಪ್ಪಿ ಮೀನು ಬಿಡಿ. ಒಂದೇ ದಿನ ಇಪ್ಪತ್ತು ಬೇಡ.

ಒಂದು ಎಚ್ಚರಿಕೆ. ನೀರಿಗೆ ಕೈ ಹಾಕುವ ಮೊದಲು ಶಿಕ್ಷಕರಿಂದ ಪಂಪಿನ ಪ್ಲಗ್ ತೆಗೆಸಿ. ಆಮೇಲೆ ಕೈ ತೊಳೆದುಕೊಳ್ಳಿ.

ಮೀನು ಬಂದ ಮೇಲೂ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯಬೇಡಿ. ಸ್ವಚ್ಛತೆ ಒಳ್ಳೆಯದೇ. ಆದರೆ ಹಾಗೆ ತೊಳೆದರೆ ಆರು ವಾರ ಸಾಕಿದ ಬ್ಯಾಕ್ಟೀರಿಯಗಳು ಚರಂಡಿ ಸೇರುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸ ನೀರು ತುಂಬಿ. ತೆಗೆದ ನೀರನ್ನು ಕೈತೋಟಕ್ಕೆ ಹಾಕಿ, ಅದರಲ್ಲಿ ನೈಟ್ರೇಟ್ ಇದೆಯಲ್ಲ!

ಹತ್ತು ರೂಪಾಯಿಯ ಮೀನು ತಾನೆ?

ಕೆಲವರು ಹೇಳುತ್ತಾರೆ: "ಸಣ್ಣ ಮೀನು, ಹತ್ತಿಪ್ಪತ್ತು ರೂಪಾಯಿ. ಸತ್ತರೆ ಇನ್ನೊಂದು ತಂದರಾಯಿತು. ಇಷ್ಟೆಲ್ಲ ತಾಪತ್ರಯ ಏಕೆ?" ಇನ್ನು ಕೆಲವರು ಹೇಳುತ್ತಾರೆ: "ನಾವು ಮೊದಲ ದಿನವೇ ಬಿಟ್ಟೆವು, ಬದುಕಿವೆ." ಎರಡನೆಯ ಮಾತು ಸುಳ್ಳಲ್ಲ. ತೊಟ್ಟಿ ದೊಡ್ಡದಾಗಿದ್ದು, ಮೀನು ಒಂದೆರಡೇ ಇದ್ದು, ದಿನವೂ ಸ್ವಲ್ಪ ನೀರು ಬದಲಿಸಿದರೆ ಕೆಲವು ಗಟ್ಟಿ ಜಾತಿಯ ಮೀನುಗಳು ಉಳಿಯುತ್ತವೆ. ಆದರೆ ಉಳಿದವು ನೋವಿಲ್ಲದೆ ಉಳಿದವು ಎಂದು ಹೇಳಲಾದೀತೆ? ನೀರಿನ ಸುರಕ್ಷತೆಯನ್ನು ಪರೀಕ್ಷಿಸಲು ಹನಿ ಕಿಟ್ ಇರುವಾಗ ಒಂದು ಜೀವವನ್ನು ಕಿಟ್ಟಿನಂತೆ ಬಳಸುವುದು ನ್ಯಾಯವಲ್ಲ ಎಂಬುದು ನನ್ನ ವಾದ.

ಮೊದಲನೆಯ ಮಾತಿಗೆ ನನ್ನ ಉತ್ತರ ಬೇರೆ. ಮೀನಿನ ಬೆಲೆ ಹತ್ತು ರೂಪಾಯಿ ಇರಬಹುದು. ಆದರೆ ಅದು ಸತ್ತಾಗ ಕಾರಣ ಹುಡುಕದೆ, ಐದನೇ ತರಗತಿಯ ಮಕ್ಕಳ ಮೇಲೆ ಹೊರಿಸಿ ಸುಮ್ಮನಾಗುವ ಅಭ್ಯಾಸಕ್ಕೆ ಬೆಲೆ ಕಟ್ಟುವವರು ಯಾರು? ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳಿವೆ. ಜೀವಿಗಳಲ್ಲಿ ಅನುಕಂಪ ಇರಬೇಕು ಎಂಬುದು ಅವುಗಳಲ್ಲಿ ಒಂದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಒಟ್ಟಿಗೆ ಕಲಿಯಲು ಮೀನಿಲ್ಲದ ಒಂದು ತೊಟ್ಟಿ ಸಾಕು.

ಮೀನು ಸಾಕಿ ಬೇಸರ ಬಂದರೆ ಅವನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ಸಕ್ಕರ್ ಮೀನು ಎಂಬ ದಕ್ಷಿಣ ಅಮೆರಿಕದ ಮೀನು ಹೀಗೆ ಅಕ್ವೇರಿಯಂಗಳಿಂದ ತಪ್ಪಿಸಿಕೊಂಡು ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಸೇರಿಕೊಂಡಿದೆ. ಸಾಕುವ ಇನ್ನೊಬ್ಬರಿಗೆ ಕೊಡಿ.

ನಿಮ್ಮ ಶಾಲೆಯಲ್ಲಿ ಮುಂದಿನ ವಿಜ್ಞಾನ ಮೇಳ ನಡೆದಾಗ ಹಿಂದಿನ ದಿನ ತಂದ ಮೀನುಗಳನ್ನು ಪ್ರದರ್ಶನಕ್ಕೆ ಇಡಬೇಡಿ. ಅದರ ಬದಲು ಖಾಲಿ ತೊಟ್ಟಿಯನ್ನೇ ಇಡಿ, ಪಕ್ಕದಲ್ಲಿ ನೀವೇ ಬರೆದ ಗ್ರಾಫ್ ಹಾಕಿ. ಬಂದವರು "ಮೀನು ಎಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಐದನೇ ತರಗತಿಯ ಒಬ್ಬ ಹುಡುಗಿ ಮುಂದೆ ಬಂದು, "ಇನ್ನೂ ನೈಟ್ರೈಟ್ ಇಳಿದಿಲ್ಲ ಸಾರ್, ಮುಂದಿನ ತಿಂಗಳು ಬನ್ನಿ" ಎನ್ನಲಿ. ಆಕೆಗೆ ಮೊದಲ ಬಹುಮಾನ ಕೊಡಬೇಕೆಂಬುದು ನನ್ನ ಮತ. ನೀವೇನು ಹೇಳುತ್ತೀರಿ?